ಡ್ರೈ ಐಸ್ ಮುಗಿದ ಪೆಟ್ಟಿಗೆಯಲ್ಲಿ ಬಂದ ಈಸ್ಟ್ರೋಜನ್ ರಿಸೆಪ್ಟರ್: ಬಳಸಬಹುದಾ?

ಪಾಷಾಣದ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಪ್ಲಾಸ್ಟಿಕ್‌ನಲ್ಲಿರುವ ಬಿಸ್ಫಿನಾಲ್ ಎ, ಅದರ ಬದಲಿಗೆ ಬಂದ ಬಿಸ್ಫಿನಾಲ್ ಎಸ್, ಇವೆರಡೂ ಈಸ್ಟ್ರೋಜನ್ ರಿಸೆಪ್ಟರ್‌ಗೆ (ಕೋಶದಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಎಷ್ಟು ಗಟ್ಟಿಯಾಗಿ ಅಂಟುತ್ತವೆ ಅಂತ ಅಳೆಯುವುದು ನನ್ನ ಕೆಲಸ.

ಅದಕ್ಕೆ ಪ್ಯೂರಿಫೈ ಮಾಡಿದ ಮನುಷ್ಯರ ಈಸ್ಟ್ರೋಜನ್ ರಿಸೆಪ್ಟರ್ ಆಲ್ಫಾ ಹೊರದೇಶದಿಂದ ತರಿಸುತ್ತೇವೆ. ಕೀಟದ ಕೋಶಗಳಲ್ಲಿ ತಯಾರಿಸಿದ್ದು, 595 ಅಮೈನೋ ಆಮ್ಲಗಳ ಪೂರ್ತಿ ಪ್ರೋಟೀನ್. ಈ ಸಲ ಪೆಟ್ಟಿಗೆ ಮುಂಬೈ ಕಸ್ಟಮ್ಸ್‌ನಲ್ಲಿ ನಾಲ್ಕು ದಿನ ನಿಂತಿತು. ಪುಣೆಗೆ ಬಂದದ್ದು ಗಣಪತಿ ವಿಸರ್ಜನೆಯ ದಿನ. ಅರ್ಧ ಊರಿನ ರಸ್ತೆ ಬಂದ್. ಕೊರಿಯರ್‌ನವರು ಮರುದಿನ ಮಧ್ಯಾಹ್ನ ತಂದುಕೊಟ್ಟರು. ತೆಗೆದು ನೋಡಿದರೆ ಡ್ರೈ ಐಸ್ ಒಂದು ಮುಷ್ಟಿಯಷ್ಟೂ ಉಳಿದಿರಲಿಲ್ಲ. ಟ್ಯೂಬ್ ಓರೆ ಮಾಡಿದೆ, ಒಳಗಿನ ದ್ರಾವಣ ನಿಧಾನಕ್ಕೆ ಜಾರಿತು, ಅಂದರೆ ಕರಗಿಹೋಗಿತ್ತು. ಆ ಕ್ಷಣ ನನಗೆ ಹೊಟ್ಟೆಯಲ್ಲಿ ಕಲ್ಲು ಹಾಕಿದಂತಾಯಿತು. ನಮ್ಮ ಲ್ಯಾಬಿನ ಮೂರು ತಿಂಗಳ ಕೆಮಿಕಲ್ ದುಡ್ಡು ಅದು.

ತಕ್ಷಣ ಐಸ್ ಮೇಲಿಟ್ಟು, ಪ್ರೋಟೀನ್‌ಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಜೆಲ್ ಓಡಿಸಿದೆ. 66 ಕಿಲೋಡಾಲ್ಟನ್ ಹತ್ತಿರ ಒಂದೇ ಗೆರೆ, ಸ್ವಚ್ಛವಾಗಿದೆ. ಒಡೆದ ಚೂರುಗಳಿಲ್ಲ. ಗೈಡ್ ನೋಡಿ "ಚೆನ್ನಾಗಿದೆಯಲ್ಲ, ಶುರು ಮಾಡು" ಅಂದರು. ಆದರೆ ಫ್ಲೋರೊಸೆಂಟ್ ಎಸ್ಟ್ರಡಯಾಲ್ (ಹೊಳೆಯುವ ಗುರುತು ಅಂಟಿಸಿದ ಈಸ್ಟ್ರೋಜನ್) ಹಾಕಿ ಪೊಲರೈಸೇಷನ್ (ಅದು ಪ್ರೋಟೀನಿಗೆ ಅಂಟಿದಷ್ಟೂ ಏರುವ ಬೆಳಕಿನ ಅಳತೆ) ನೋಡಿದರೆ, ಹಳೆಯ ಬ್ಯಾಚ್‌ನಲ್ಲಿ 230ರವರೆಗೆ ಏರುತ್ತಿದ್ದದ್ದು ಈಗ 125ಕ್ಕೆ ನಿಂತಿದೆ. ಪ್ರೋಟೀನ್ ಇಲ್ಲದೆ 70 ಬರುತ್ತದೆ. ಪ್ರೋಟೀನ್ ಜಾಸ್ತಿ ಹಾಕಿದರೆ ಆಯಿತು ಅಂತ ಸೀನಿಯರ್ ಹೇಳುತ್ತಾರೆ. ಹಾಗೆ ಮಾಡಬಹುದಾ? ನನಗೆ ಮನಸ್ಸು ಒಪ್ಪುತ್ತಿಲ್ಲ.

ಫೋಂಡಾ ಅಕ್ಕ

ಪ್ರೋಟೀನ್ ಮೇಲೆ ತಪ್ಪು ಹೊರಿಸುವ ಮುಂಚೆ ಎರಡು ವಿಷಯ ನೋಡಿಬಿಡಿ.

ಒಂದು, ಬಾಟಲಿ ಜೊತೆ ಬಂದ ಹಾಳೆಯಲ್ಲಿ ಬಿಎಸ್‌ಎ (ದನದ ರಕ್ತದ ಅಲ್ಬುಮಿನ್ ಪ್ರೋಟೀನ್) ಸೇರಿಸಿದ್ದೇವೆ ಅಂತ ಇದೆಯಾ? ಕೆಲವರು ಪ್ರೋಟೀನ್ ಟ್ಯೂಬಿಗೆ ಅಂಟಬಾರದು ಅಂತ ಸೇರಿಸುತ್ತಾರೆ. ಬಿಎಸ್‌ಎ ಕೂಡ ಜೆಲ್‌ನಲ್ಲಿ 66ರ ಹತ್ತಿರವೇ ಓಡುತ್ತದೆ. ಆ ಒಂಟಿ ಗೆರೆ ಯಾರದ್ದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಎರಡು, ನಿಮ್ಮ ಫ್ಲೋರೊಸೆಂಟ್ ಟ್ರೇಸರ್, ಅಂದರೆ ಆ ಹೊಳೆಯುವ ಎಸ್ಟ್ರಡಯಾಲ್. ಬೆಳಕಿಗೆ ಬಿದ್ದು ಹಾಳಾಗಿರಬಹುದು. ಹಳೆಯ ಬ್ಯಾಚ್‌ನ ಒಂದು ಟ್ಯೂಬ್ ಉಳಿದಿದ್ದರೆ ಅದೇ ಟ್ರೇಸರ್ ಹಾಕಿ, ಅದೇ ದಿನ, ಅದೇ ಪ್ಲೇಟಿನಲ್ಲಿ ನೋಡಿ. ಹಳೆಯದರಲ್ಲಿ 230 ಬಂದರೆ ಟ್ರೇಸರ್ ಸರಿ ಇದೆ.

ಮುಲುಂಡ್ ಭಟ್ರು

ತಂಗಿ, ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ. ಮೂವತ್ತು ವರ್ಷ ಪ್ರೋಟೀನ್ ಪ್ಯೂರಿಫೈ ಮಾಡಿದವನು ನಾನು, ಈಗ ನಿವೃತ್ತ. ಜೆಲ್ ನೋಡಿ ಪ್ರೋಟೀನ್ ಚೆನ್ನಾಗಿದೆ ಅನ್ನುವ ಮಾತು ಪ್ರತಿ ಲ್ಯಾಬಿನಲ್ಲೂ ಕೇಳಿದ್ದೇನೆ. ಜೆಲ್‌ಗೆ ಹಾಕುವ ಮೊದಲು ನೀವೇ ಎಸ್‌ಡಿಎಸ್ ಅನ್ನುವ ಡಿಟರ್ಜೆಂಟ್ ಬೆರೆಸಿ ಕುದಿಸಿದ್ದೀರಿ, ಅಲ್ವಾ? ಮಡಿಕೆ (ಸರಪಳಿ ಮಡಚಿಕೊಂಡ ಆಕಾರ) ಸರಿ ಇದ್ದ ಪ್ರೋಟೀನೂ ಮಡಿಕೆ ಬಿಚ್ಚಿಹೋದದ್ದೂ ಅಲ್ಲಿ ಒಂದೇ ಗೆರೆ. ಅದು ಉದ್ದ ಹೇಳುತ್ತದೆ, ಕೆಲಸ ಮಾಡುತ್ತದಾ ಅಂತ ಹೇಳುವುದಿಲ್ಲ.

ಈ ರಿಸೆಪ್ಟರ್ ಸಿಕ್ಕಿದ್ದೇ ಅದು ಹಾರ್ಮೋನನ್ನು ಹಿಡಿದುಕೊಂಡದ್ದರಿಂದ. 1950ರ ದಶಕದ ಕೊನೆಯಲ್ಲಿ ಶಿಕಾಗೋದ ಎಲ್ವುಡ್ ಜೆನ್ಸನ್ ಟ್ರಿಷಿಯಂ ಸೇರಿಸಿದ ಎಸ್ಟ್ರಡಯಾಲ್ ಇಲಿಗೆ ಕೊಟ್ಟು, ಅದು ಎಲ್ಲಿ ಉಳಿಯುತ್ತದೆ ಅಂತ ನೋಡಿದರು. ರಕ್ತ, ಸ್ನಾಯು ಬೇಗ ಬಿಟ್ಟುಕೊಟ್ಟವು. ಗರ್ಭಕೋಶ ಬಿಡಲಿಲ್ಲ. ಆಗ ಈ ಪ್ರೋಟೀನನ್ನು ಬೇರೆ ಮಾಡಿ ಯಾರೂ ನೋಡಿರಲಿಲ್ಲ. ಹಿಡಿಯುತ್ತದಾ ಇಲ್ಲವಾ, ಅಷ್ಟೇ ಪ್ರಶ್ನೆ. ನಿಮ್ಮ ಟ್ಯೂಬಿಗೂ ಅದೇ ಪ್ರಶ್ನೆ ಕೇಳಿ.

ಈಗ ಜಾಸ್ತಿ ಹಾಕುವ ವಿಚಾರ. ಕೆಟ್ಟ ಪ್ರೋಟೀನ್ ಸುಮ್ನೆ ಮೂಲೆಯಲ್ಲಿ ಕೂತಿದ್ದರೆ ತೊಂದರೆ ಇರಲಿಲ್ಲ. ಅದು ಕೂರುವುದಿಲ್ಲ. ಮಡಿಕೆ ಬಿಚ್ಚಿದಾಗ ಒಳಗಿದ್ದ ಜಿಡ್ಡಿನ ಭಾಗ ಹೊರಗೆ ಬರುತ್ತದೆ. ಆಗ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಆ ಮುದ್ದೆ ಬೆಳಕನ್ನು ಚದುರಿಸುತ್ತದೆ, ಚದುರಿದ ಬೆಳಕಿನಿಂದ ಪೊಲರೈಸೇಷನ್ ಸುಳ್ಳೇ ಏರುತ್ತದೆ. ನೀವು ಹಾರ್ಮೋನ್ ಅಂಟಿತು ಅಂದುಕೊಳ್ಳುತ್ತೀರಿ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಮ್ಮ ಬಿಸ್ಫಿನಾಲ್ ಕೂಡ ಆ ಜಿಡ್ಡಿಗೆ ಹೋಗಿ ಕೂರಬಹುದು. ಬಿಸ್ಫಿನಾಲ್ ಎ ಈ ರಿಸೆಪ್ಟರ್‌ಗೆ ಎಸ್ಟ್ರಡಯಾಲ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ದುರ್ಬಲವಾಗಿ ಅಂಟುವ ವಸ್ತು. ಅಂಥ ಸಣ್ಣ ಅಂಟು ಅಳೆಯುವಾಗ ಈ ಗದ್ದಲ ಇದ್ದರೆ ಬಂದ ಅಂಕಿ ಯಾವುದರದ್ದು ಅಂತ ಗೊತ್ತಾಗುವುದಿಲ್ಲ.

ಇನ್ನೂ ಒಂದು. ಎಸ್ಟ್ರಡಯಾಲ್ ನ್ಯಾನೋಮೋಲಾರ್‌ಗಿಂತಲೂ ಕಡಿಮೆ ಪ್ರಮಾಣದಲ್ಲಿ ಇದಕ್ಕೆ ಅಂಟುತ್ತದೆ. ನೀವು ಚೆನ್ನಾಗಿರುವ ರಿಸೆಪ್ಟರನ್ನೇ ಹತ್ತು ನ್ಯಾನೋಮೋಲಾರ್ ಹಾಕಿದರೆ, ತಣ್ಣನೆಯ, ಅಂದರೆ ಗುರುತು ಅಂಟಿಸದ, ಎಸ್ಟ್ರಡಯಾಲ್‌ನ ಐಸಿ50 (ಟ್ರೇಸರ್‌ನ ಅಂಟನ್ನು ಅರ್ಧಕ್ಕೆ ಇಳಿಸುವ ಪ್ರಮಾಣ) ಐದಕ್ಕಿಂತ ಕೆಳಗೆ ಇಳಿಯಲಾರದು. ಅದು ಅಂಟಿನ ಅಳತೆ ಅಲ್ಲ, ನೀವು ಹಾಕಿದ ಪ್ರೋಟೀನಿನ ಅಳತೆ. ಎಷ್ಟು ಭಾಗ ಜೀವಂತ ಅಂತ ಗೊತ್ತಿಲ್ಲದೆ ಪ್ರೋಟೀನ್ ಸುರಿದರೆ ಇಲ್ಲಿಗೇ ಬಂದು ನಿಲ್ಲುತ್ತೀರಿ.

ಮಾಡಬೇಕಾದ್ದು ಹೀಗೆ. 4 ಡಿಗ್ರಿಯಲ್ಲಿ, ಮೈಕ್ರೋಫ್ಯೂಜ್‌ನ ಪೂರ್ತಿ ವೇಗದಲ್ಲಿ ಹತ್ತು ನಿಮಿಷ ತಿರುಗಿಸಿ. ಮೇಲಿನ ದ್ರವ ಬೇರೆ ಟ್ಯೂಬಿಗೆ. ಪ್ರೋಟೀನ್ ಎಷ್ಟಿದೆ ಅಂತ ಬ್ರಾಡ್‌ಫೋರ್ಡ್ ಪರೀಕ್ಷೆಯಲ್ಲಿ ನೋಡಿ, ಬಿಸಿಎ ಪರೀಕ್ಷೆ ಬೇಡ, ಬಫರ್‌ನ ಡಿಟಿಟಿ (ಪ್ರೋಟೀನ್ ಗಾಳಿಗೆ ಕೆಡದಂತೆ ಹಾಕುವ ವಸ್ತು) ಅದನ್ನು ಕೆಡಿಸುತ್ತದೆ. ಟ್ರೇಸರ್ ಒಂದೇ ಪ್ರಮಾಣ ಇಟ್ಟು ರಿಸೆಪ್ಟರ್ ಏರಿಸುತ್ತಾ ಹೋಗಿ, ತಿರುಗಿಸಿದ್ದು ಮತ್ತು ತಿರುಗಿಸದ್ದು ಎರಡೂ. ಆಮೇಲೆ ತಣ್ಣನೆಯ ಎಸ್ಟ್ರಡಯಾಲ್ ಧಾರಾಳವಾಗಿ ಹಾಕಿ. ಪೊಲರೈಸೇಷನ್ 70ಕ್ಕೆ ಇಳಿಯಬೇಕು. ಇಳಿಯದೆ ಮೇಲೆ ಉಳಿದದ್ದೆಲ್ಲ ಸುಳ್ಳು ಅಂಟು. ಜೊತೆಗೆ ಕಾರ್ಟಿಸಾಲ್ ಒಂದು ಸಾಲು ಇಡಿ. ಅದಕ್ಕೆ ಇಳಿಯಬಾರದು.

ಪಾಷಾಣದ ಕನ್ನಡತಿ

ಭಟ್ರೇ, ಅಕ್ಕ, ತುಂಬಾ ಉಪಕಾರವಾಯಿತು. ಮೂರು ದಿನ ಇದೇ ಮಾಡಿದೆ.

ಹಾಳೆಯಲ್ಲಿ ಬಿಎಸ್‌ಎ ಇಲ್ಲ, ಹಾಗಾಗಿ ಗೆರೆ ರಿಸೆಪ್ಟರ್‌ನದ್ದೇ. ಫ್ರೀಜರ್ ತಳದಲ್ಲಿ ಹಳೆಯ ಬ್ಯಾಚ್‌ನ ಐದು ಮೈಕ್ರೋಲೀಟರ್ ಸಿಕ್ಕಿತು. ಅದರಲ್ಲಿ 226 ಬಂತು, ಅಂದರೆ ಟ್ರೇಸರ್ ಸರಿ ಇದೆ.

ಹೊಸದನ್ನು ತಿರುಗಿಸಿದೆ. ಟ್ಯೂಬಿನ ತಳದ ಒಂದು ಪಕ್ಕಕ್ಕೆ ಸಾಸಿವೆಗಿಂತ ಚಿಕ್ಕದಾಗಿ, ಹಾಲಿನ ಕೆನೆಯ ಬಣ್ಣದ ಚುಕ್ಕೆ ಅಂಟಿತ್ತು. ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ತಿರುಗಿಸದೇ ಇದ್ದದ್ದರಲ್ಲಿ ಎಸ್ಟ್ರಡಯಾಲ್ ಎಷ್ಟು ಹಾಕಿದರೂ 95ಕ್ಕಿಂತ ಕೆಳಗೆ ಬರಲಿಲ್ಲ. ತಿರುಗಿಸಿದ ಮೇಲಿನ ದ್ರವದಲ್ಲಿ 72ಕ್ಕೆ ಇಳಿಯಿತು. ಕಾರ್ಟಿಸಾಲ್ ಸಾಲು ಅಲುಗಲಿಲ್ಲ. ಆದರೆ ಅರ್ಧ ಏರಿಕೆಗೆ ಬರಲು ಹಳೆಯದರ ನಾಲ್ಕು ಪಟ್ಟು ಪ್ರೋಟೀನ್ ಬೇಕಾಯಿತು. ಕರಗಿ ಉಳಿದದ್ದರಲ್ಲೂ ಮುಕ್ಕಾಲು ಭಾಗ ಹಿಡಿಯುತ್ತಿಲ್ಲ ಅಂತ ಲೆಕ್ಕ.

ಎರಡು ಗ್ರಾಫ್ ಪಕ್ಕಪಕ್ಕ ಇಟ್ಟು ಗೈಡ್‌ಗೆ ತೋರಿಸಿದೆ. ಅವರು ಜೆಲ್ ಫೋಟೋ ಮತ್ತೆ ಕೇಳಲಿಲ್ಲ. ಈ ಬ್ಯಾಚ್‌ನಿಂದ ಒಂದು ಅಂಕಿಯೂ ಥೀಸಿಸ್‌ಗೆ ಹೋಗುವುದಿಲ್ಲ ಅಂತ ತೀರ್ಮಾನವಾಯಿತು. ಪೆಟ್ಟಿಗೆ ತೆಗೆದಾಗಿನ ಫೋಟೋ, ಈ ಗ್ರಾಫ್‌ಗಳು, ಎಲ್ಲ ಕಂಪನಿಗೆ ಕಳಿಸಿದ್ದೇನೆ.

ಹಿಂಜವಡಿ ಹುಡುಗ

ಬದಲಿ ಬಾಟಲಿ ಬಂದರೆ ಬಂದ ದಿನವೇ ಐದೈದು ಮೈಕ್ರೋಲೀಟರ್ ಹಂಚಿ, ಲೋ ಬೈಂಡಿಂಗ್ ಟ್ಯೂಬಿನಲ್ಲಿ, ದ್ರವ ಸಾರಜನಕದಲ್ಲಿ ಮುಳುಗಿಸಿ ಮೈನಸ್ 80ಕ್ಕೆ. ಒಂದು ಸಲ ಕರಗಿಸಿದ್ದು ವಾಪಸ್ ಇಡಬೇಡಿ. ವೋರ್ಟೆಕ್ಸ್ (ಜೋರಾಗಿ ಅಲುಗಿಸುವ ಯಂತ್ರ) ಬೇಡವೇ ಬೇಡ. ಮತ್ತೆ ಆರ್ಡರ್ ಮಾಡುವಾಗ ಹಬ್ಬದ ವಾರ ತಪ್ಪಿಸಿ, ಸೋಮವಾರ ಹೊರಡುವ ಹಾಗೆ ಹೇಳಿ.

ಫೋಂಡಾ ಅಕ್ಕ

ನಿಮ್ಮ ಪ್ರಶ್ನೆಗೆ ಪೂರ್ತಿ ರಿಸೆಪ್ಟರ್ ಬೇಕೇ ಬೇಕಾ? ಬಿಸ್ಫಿನಾಲ್ ಹೋಗಿ ಕೂರುವುದು ಹಾರ್ಮೋನ್ ಹಿಡಿಯುವ ಭಾಗದಲ್ಲಿ. ಅಷ್ಟನ್ನೇ ಇ-ಕೋಲೈ ಬ್ಯಾಕ್ಟೀರಿಯಾದಲ್ಲಿ ನೀವೇ ಬೆಳೆಸಬಹುದು. ಕಸ್ಟಮ್ಸ್ ಇಲ್ಲ, ಡ್ರೈ ಐಸ್ ಇಲ್ಲ.

ಪಾಷಾಣದ ಕನ್ನಡತಿ

ಅದನ್ನೇ ಯೋಚನೆ ಮಾಡುತ್ತಿದ್ದೆ ಅಕ್ಕ. ಬೆಳೆಸುವಾಗ ಎಸ್ಟ್ರಡಯಾಲ್ ಹಾಕಿದರೆ ಪ್ರೋಟೀನ್ ಗಟ್ಟಿಯಾಗಿ ನಿಲ್ಲುತ್ತದೆ ಅಂತ ಓದಿದ್ದೇನೆ. ಹಾಕಲಾ?

ಮುಲುಂಡ್ ಭಟ್ರು

ಹಾಕಬೇಡಿ ತಂಗಿ. ಗಟ್ಟಿಯಾಗುವುದು ನಿಜ, ರಚನೆ ನೋಡಲು ಪ್ರೋಟೀನಿನ ಹರಳು ಮಾಡುವವರಿಗೆ ಅದು ಸರಿ. ನಿಮಗೆ ಬೇಕಾದ್ದು ಖಾಲಿ ಜೇಬು, ಅಂದರೆ ಹಾರ್ಮೋನ್ ಕೂರುವ ಜಾಗ ಖಾಲಿ ಇರಬೇಕು. ಒಮ್ಮೆ ಕೂತ ಎಸ್ಟ್ರಡಯಾಲ್ ಎಬ್ಬಿಸುವುದು ಬಹಳ ಕಷ್ಟ. ಹಾರ್ಮೋನ್ ಇಲ್ಲದೆ ಇಳುವರಿ ಕಡಿಮೆ ಬಂದರೂ ಪರವಾಗಿಲ್ಲ. 16ರಿಂದ 18 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿ. ಪ್ರೋಟೀನನ್ನು ಹಿಡಿದು ಪ್ಯೂರಿಫೈ ಮಾಡುವ ನಿಕಲ್ ಕಾಲಂಗೆ ಹಾಕುವಾಗ ಡಿಟಿಟಿ ಬೇಡ, ಕಾಲಂ ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ಬೀಟಾ ಮರ್ಕಾಪ್ಟೋಎಥನಾಲ್ ಹಾಕಿ. ಇಡಿಟಿಎ ಕೂಡ ಬೇಡ, ನಿಕಲ್ ಕಿತ್ತುಕೊಂಡು ಹೋಗುತ್ತದೆ. ಕಾಲಂ ಇಳಿದ ಮೇಲೆ ಡಿಟಿಟಿ ಸೇರಿಸಿ, ಆ ಭಾಗದಲ್ಲಿ ಸಿಸ್ಟೀನ್‌ಗಳಿವೆ, ಗಾಳಿಗೆ ಬೇಗ ಕೆಡುತ್ತವೆ. ಮೊದಲ ಗ್ರಾಫ್ ಬಂದಾಗ ಇಲ್ಲೇ ಹಾಕಿ, ನಾನು ನೋಡುತ್ತೇನೆ.