ಓಕ್ಯಾಮಲ್: ಲಿಸ್ಟ್, ಅರೇ, ಹ್ಯಾಶ್‌ಟೇಬಲ್ ಮೂರಕ್ಕೂ ಒಂದೇ ಫಂಕ್ಷನ್ ಸಾಧ್ಯವೇ?

ಹಾಲುಲೆಕ್ಕ:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಊರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. 63 ಜನ ಸದಸ್ಯರು, ದಿನಕ್ಕೆ ಎರಡು ಹೊತ್ತು ಹಾಲು. ಡೇರಿಯ ಪುಸ್ತಕದ ಜೊತೆಗೆ ತಾಳೆ ನೋಡಲು ನಾನೊಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಜಾವಾ ಬರೆಯುತ್ತೇನೆ, ಓಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕೆಂಬ ಆಸೆ ಬಹಳ ದಿನದ್ದು, ಅದಕ್ಕೆ ಇದನ್ನೇ ಹಿಡಿದೆ.

ಈಗ ಬೆಳಗಿನ ಎಂಟ್ರಿಗಳು ಲಿಸ್ಟ್‌ನಲ್ಲಿವೆ, ತಿಂಗಳ ದಿನವಾರು ಮೊತ್ತ ಅರೇಯಲ್ಲಿದೆ, ಸದಸ್ಯರ ನಂಬರ್ ಹಿಡಿದು ಹುಡುಕಲು ಹ್ಯಾಶ್‌ಟೇಬಲ್ ಇದೆ. ಮೂರರಲ್ಲೂ ಒಟ್ಟು ಲೀಟರ್ ಮತ್ತು ಸರಾಸರಿ ಫ್ಯಾಟ್ ಬೇಕು. ಸರಾಸರಿ ಎಂದರೆ ಬರೀ ಫ್ಯಾಟ್ ಕೂಡಿಸಿ ಭಾಗಿಸುವುದಲ್ಲ. ಒಬ್ಬರು 3.6 ಫ್ಯಾಟ್‌ನ 8 ಲೀಟರ್, ಇನ್ನೊಬ್ಬರು 4.2ರ 4 ಲೀಟರ್ ಹಾಕಿದರೆ ಕ್ಯಾನಿನಲ್ಲಿರುವುದು 3.8, 3.9 ಅಲ್ಲ.

ಜಾವಾದಲ್ಲಾದರೆ ಫಂಕ್ಷನ್‌ಗೆ ‘ಇಟರೇಬಲ್’ (ಒಂದೊಂದಾಗಿ ಓದಬಹುದಾದ ಯಾವುದಾದರೂ ಸಂಗ್ರಹ) ಕೊಡಿ ಎಂದು ಬರೆದು ಮುಗಿಸುತ್ತಿದ್ದೆ. ಇಲ್ಲಿ ಅದೇ ಲೆಕ್ಕವನ್ನು ಮೂರು ಸಲ ಬರೆದಿದ್ದೇನೆ. ಅದರಲ್ಲೂ ಒಂದೊಂದನ್ನೇ ಸೇರಿಸುತ್ತಾ ಮೊತ್ತ ಕಟ್ಟುವ ಲಿಸ್ಟ್‌ನ ಫೋಲ್ಡ್_ಲೆಫ್ಟ್ ಮೊದಲು ಶುರುವಿನ ಬೆಲೆ ಕೇಳುತ್ತದೆ, ಆಮೇಲೆ ಲಿಸ್ಟ್. ಹ್ಯಾಶ್‌ಟೇಬಲ್‌ನ ಫೋಲ್ಡ್ ಮೊದಲು ಟೇಬಲ್ ಕೇಳುತ್ತದೆ, ಶುರುವಿನ ಬೆಲೆ ಕೊನೆಗೆ. ಒಳಗೆ ಕೊಡುವ ಫಂಕ್ಷನ್‌ನಲ್ಲೂ ಒಂದರಲ್ಲಿ ಮೊತ್ತ ಮೊದಲು, ಇನ್ನೊಂದರಲ್ಲಿ ಕೊನೆಗೆ. ನಿನ್ನೆ ರಾತ್ರಿ ಒಂದು ಗಂಟೆ ಇದರಲ್ಲೇ ಹೋಯಿತು. ಒಂದೇ ಫಂಕ್ಷನ್ ಬರೆಯುವ ದಾರಿ ಇದೆಯೇ?

ಕೆರೆಏರಿ:
ಇದೆ. ನಿಮ್ಮ ಫಂಕ್ಷನ್‌ಗೆ ಕಲೆಕ್ಷನ್ ಕೊಡಬೇಡಿ, ‘ಸೀಕ್’ ಕೊಡಿ. ಓಕ್ಯಾಮಲ್ 4.07ರಲ್ಲಿ (2018) ಬಂದ ಮಾಡ್ಯೂಲ್ ಅದು. ಲಿಸ್ಟ್.ಟು_ಸೀಕ್, ಅರೇ.ಟು_ಸೀಕ್, ಹ್ಯಾಶ್‌ಟೇಬಲ್‌ಗೆ ಟು_ಸೀಕ್_ವ್ಯಾಲ್ಯೂಸ್. ಮೂರೂ ಬಂದು ಸೇರುವುದು ಒಂದೇ ಟೈಪ್‌ಗೆ. ಲೆಕ್ಕವನ್ನು ಸೀಕ್.ಫೋಲ್ಡ್_ಲೆಫ್ಟ್ ಇಟ್ಟುಕೊಂಡು ಒಂದೇ ಸಲ ಬರೆಯಿರಿ.

ಸೀಕ್ ಎಂದರೆ ಬರೀ ಒಂದು ಫಂಕ್ಷನ್. ಕರೆದರೆ ‘ಮುಗಿಯಿತು’ ಅನ್ನುತ್ತದೆ, ಇಲ್ಲವೇ ಒಂದು ವಸ್ತುವನ್ನೂ ಉಳಿದದ್ದಕ್ಕೆ ಇನ್ನೊಂದು ಫಂಕ್ಷನ್ನನ್ನೂ ಕೈಗೆ ಕೊಡುತ್ತದೆ. ಕೇಳಿದಷ್ಟೇ ಕೆಲಸ ಮಾಡುತ್ತದೆ, ನಡುವೆ ಹೊಸ ಲಿಸ್ಟ್ ಕಟ್ಟುವುದಿಲ್ಲ.

ಫೋಲ್ಡ್ ಇರುವ ಯಾವ ಮಾಡ್ಯೂಲ್ ಆದರೂ ಸರಿ ಎಂದು ಫಂಕ್ಟರ್ (ಒಂದು ಮಾಡ್ಯೂಲ್ ತೆಗೆದುಕೊಂಡು ಇನ್ನೊಂದನ್ನು ಕೊಡುವುದು) ಬರೆಯುವ ದಾರಿಯೂ ಇದೆ. ನಿಮ್ಮ ಕೆಲಸಕ್ಕೆ ಅಷ್ಟೆಲ್ಲ ಬೇಡ.

ಹೊಂಗೆನೆರಳು:
ನಾನು ಹ್ಯಾಸ್ಕೆಲ್ ಭಾಷೆಯ ಕಡೆಯವನು. ಅಲ್ಲಿ ಇದಕ್ಕೆಂದೇ ‘ಫೋಲ್ಡೆಬಲ್’ ಎಂಬ ಟೈಪ್‌ಕ್ಲಾಸ್ (ಹಲವು ಟೈಪ್‌ಗಳು ಒದಗಿಸಬಹುದಾದ ಫಂಕ್ಷನ್‌ಗಳ ಗುಂಪು) ಇದೆ. ಫೋಲ್ಡ್‌ಆರ್ ಅಥವಾ ಫೋಲ್ಡ್‌ಮ್ಯಾಪ್ ಎರಡರಲ್ಲಿ ಒಂದನ್ನು ಬರೆದುಕೊಟ್ಟರೆ ಸಾಕು, ಮೊತ್ತ, ಉದ್ದ, ಇದೆಯೋ ಇಲ್ಲವೋ ಎಂಬ ಹುಡುಕಾಟ ಎಲ್ಲ ತಾನಾಗಿ ಸಿಗುತ್ತವೆ. ಟು_ಸೀಕ್ ತರಹ ಕೈಯಾರೆ ಬದಲಿಸುವ ಗೋಜಿಲ್ಲ, ಟೈಪ್ ನೋಡಿ ಕಂಪೈಲರೇ ಹುಡುಕಿಕೊಳ್ಳುತ್ತದೆ. ನನಗೆ ಇದು ಬಹಳ ಇಷ್ಟ.

ಆದರೆ 2015ರಲ್ಲಿ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 7.10 ಬಂದಾಗ ಇದನ್ನು ಪ್ರತಿ ಪ್ರೋಗ್ರಾಂಗೂ ತಾನಾಗಿ ಸಿಗುವ ಪ್ರಿಲ್ಯೂಡ್‌ಗೇ ಸೇರಿಸಿದರು, ಅದರ ಒಂದು ಪರಿಣಾಮ ನನಗೆ ಇವತ್ತಿಗೂ ಒಗ್ಗಿಲ್ಲ. (3.6, 4.2) ಎಂಬ ಜೋಡಿಯ ಉದ್ದ ಕೇಳಿದರೆ 1 ಅನ್ನುತ್ತದೆ, ಮೊತ್ತ ಕೇಳಿದರೆ 4.2. ಜೋಡಿಯಲ್ಲಿ ಎರಡನೆಯದನ್ನು ಮಾತ್ರ ‘ಒಳಗಿರುವ ವಸ್ತು’ ಎಂದು ಎಣಿಸುವುದರಿಂದ ನಿಯಮದ ಪ್ರಕಾರ ಅದು ಸರಿಯೇ. ಆದರೆ ಲಿಸ್ಟ್ ಕೊಡಬೇಕಾದ ಕಡೆ ತಪ್ಪಿ ಜೋಡಿ ಕೊಟ್ಟರೆ ಕಂಪೈಲರ್ ತಡೆಯುವುದಿಲ್ಲ. ನಿಮ್ಮ ಹಾಲಿನ ಲೆಕ್ಕದಲ್ಲಿ ಅಂಥದ್ದು ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ದೃಷ್ಟಿಯಿಂದ ಟು_ಸೀಕ್ ಎಂದು ನೀವೇ ಬರೆಯಬೇಕಾಗಿರುವುದು ಒಳ್ಳೆಯದೇ.

ಹಾಲುಲೆಕ್ಕ:
ಇಬ್ಬರಿಗೂ ಧನ್ಯವಾದ. ಸೀಕ್‌ಗೆ ಬದಲಿಸಿದೆ, ಮೂರು ಫಂಕ್ಷನ್ ಹೋಗಿ ಒಂದಾಯಿತು. ಅದೇ ಹುಮ್ಮಸ್ಸಿನಲ್ಲಿ ಲಿಸ್ಟ್ ಕೂಡ ಬೇಡವೆಂದು ಫೈಲಿನ ಸಾಲುಗಳನ್ನೇ ನೇರವಾಗಿ ಸೀಕ್ ಮಾಡಿದೆ: ಸೀಕ್.ಆಫ್_ಡಿಸ್ಪೆನ್ಸರ್‌ಗೆ ಒಂದೊಂದೇ ಸಾಲು ಓದುವ ಇನ್_ಚಾನೆಲ್.ಇನ್‌ಪುಟ್_ಲೈನ್ ಕೊಟ್ಟೆ.

ಈಗ ಒಟ್ಟು ಲೀಟರ್ ಸರಿಯಾಗಿ ಬರುತ್ತಿದೆ, ಸರಾಸರಿ ಫ್ಯಾಟ್ ಮಾತ್ರ 0.0. ಅದೇ ಫಂಕ್ಷನ್‌ಗೆ ಲಿಸ್ಟ್‌ನಿಂದ ಮಾಡಿದ ಸೀಕ್ ಕೊಟ್ಟರೆ 3.8 ಬರುತ್ತದೆ. ಅಪ್ಪನಿಗೆ ತೋರಿಸಿದೆ. “ಸೊನ್ನೆ ಫ್ಯಾಟ್ ಅಂದ್ರೆ ನೀರೇ ಕಣಮ್ಮಾ” ಅಂದರು.

ಕೆರೆಏರಿ:
ನೀವು ಸೀಕ್ ಮೇಲೆ ಎರಡು ಸುತ್ತು ಹೋಗುತ್ತಿದ್ದೀರಿ ಅನ್ನಿಸುತ್ತದೆ, ಮೊದಲು ಲೀಟರ್ ಕೂಡಲು, ಆಮೇಲೆ ಲೀಟರ್ ಗುಣಿಸು ಫ್ಯಾಟ್ ಕೂಡಲು. ಲಿಸ್ಟ್‌ನಿಂದ ಬಂದ ಸೀಕ್ ಎಷ್ಟು ಸಲ ಕೇಳಿದರೂ ಮೊದಲಿನಿಂದ ಹೇಳುತ್ತದೆ, ಹಿಂದೆ ಲಿಸ್ಟ್ ಹಾಗೇ ಕೂತಿರುತ್ತದಲ್ಲ. ಫೈಲಿನದು ಹಾಗಲ್ಲ. ಮೊದಲ ಸುತ್ತಿನಲ್ಲೇ ಫೈಲ್ ಕೊನೆ ಮುಟ್ಟಿರುತ್ತದೆ, ಎರಡನೆಯ ಸುತ್ತಿಗೆ ಒಂದು ಸಾಲೂ ಸಿಗುವುದಿಲ್ಲ. ಮೊತ್ತ ಸೊನ್ನೆ, ಭಾಗಿಸಿದರೂ ಸೊನ್ನೆ. ನನಗೆ ಬೇಸರ ತರಿಸುವ ಸಂಗತಿ ಇದೇ: ಎರಡರ ಟೈಪೂ ಒಂದೇ, ನೋಡಿ ತಿಳಿಯುವ ಹಾಗಿಲ್ಲ.

ಸರಿಯಾದ ಮದ್ದು ಒಂದೇ ಸುತ್ತಿನಲ್ಲಿ ಎರಡನ್ನೂ ಕೂಡುವುದು. ಫೋಲ್ಡ್‌ನ ಶುರುವಿನ ಬೆಲೆ (0.0, 0.0) ಎಂಬ ಜೋಡಿ ಇಡಿ, ಪ್ರತಿ ಎಂಟ್ರಿಗೆ ಮೊದಲನೆಯದಕ್ಕೆ ಲೀಟರ್, ಎರಡನೆಯದಕ್ಕೆ ಲೀಟರ್ ಗುಣಿಸು ಫ್ಯಾಟ್ ಸೇರಿಸಿ, ಕೊನೆಗೆ ಭಾಗಿಸಿ. ಎರಡು ಸುತ್ತು ಬೇಕೇ ಬೇಕು ಎಂದಾದರೆ ಸೀಕ್.ಮೆಮೊಯಿಜ್ ಇದೆ, ಒಮ್ಮೆ ಓದಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಇನ್ನು ಫೈಲ್, ನೆಟ್‌ವರ್ಕ್‌ನಿಂದ ಬರುವ ಸೀಕ್‌ಗಳಿಗೆ ಸೀಕ್.ಒನ್ಸ್ ಸುತ್ತಿಡುವುದು ನನ್ನ ಅಭ್ಯಾಸ. ಎರಡನೆಯ ಸಲ ಮುಟ್ಟಿದರೆ ಫೋರ್ಸ್ಡ್_ಟ್ವೈಸ್ ಎಂದು ಕೂಗಿ ನಿಲ್ಲುತ್ತದೆ. ಈ ಎರಡೂ 4.14ರಿಂದ ಇವೆ.

ಹೊಂಗೆನೆರಳು:
ಜೋಡಿ ಇಟ್ಟುಕೊಂಡು ಕೂಡುವ ಉಪಾಯ ಹ್ಯಾಸ್ಕೆಲ್‌ನಲ್ಲಿ ಮಾಡುವವರು ಯಾರಾದರೂ ಇದನ್ನು ಓದಿದರೆ ಒಂದು ಎಚ್ಚರಿಕೆ. ಹ್ಯಾಸ್ಕೆಲ್ ಬೇಕಾಗುವವರೆಗೆ ಲೆಕ್ಕವನ್ನು ಮುಂದೂಡುತ್ತದೆ. ಕಟ್ಟುನಿಟ್ಟಿನ ಫೋಲ್ಡ್‌ಎಲ್-ಪ್ರೈಮ್ ಬಳಸಿದರೂ ಅದು ಜೋಡಿಯ ಹೊರಕವಚವನ್ನಷ್ಟೇ ಬಿಡಿಸುತ್ತದೆ, ಒಳಗಿನ ಎರಡು ಮೊತ್ತಗಳು ಮಾಡದ ಲೆಕ್ಕದ ಸರಪಳಿಯಾಗಿ ಬೆಳೆಯುತ್ತಾ ಹೋಗಬಹುದು. ಒಳಗಿನವಕ್ಕೂ ‘ಈಗಲೇ ಲೆಕ್ಕ ಮಾಡು’ ಎನ್ನುವ ಬ್ಯಾಂಗ್ (!) ಗುರುತು ಹಾಕಿ. ಓಕ್ಯಾಮಲ್ ಪ್ರತಿ ಹೆಜ್ಜೆಯಲ್ಲೂ ಕೂಡಿಯೇ ಮುಂದೆ ಹೋಗುವುದರಿಂದ ನಿಮಗೆ ಆ ತೊಂದರೆ ಇಲ್ಲ.

ಹಾಲುಲೆಕ್ಕ:
ಒಂದೇ ಸುತ್ತಿಗೆ ಬದಲಿಸಿದೆ, ಫೈಲಿನಿಂದಲೂ ಈಗ 3.8. ಆದರೆ ಹ್ಯಾಶ್‌ಟೇಬಲ್‌ನ ಒಟ್ಟು ಲೀಟರ್ ಪುಸ್ತಕಕ್ಕಿಂತ 14 ಹೆಚ್ಚು ತೋರಿಸುತ್ತಿದೆ. ಒಬ್ಬೊಬ್ಬರ ನಂಬರ್ ಹಾಕಿ ಫೈಂಡ್ ಮಾಡಿದರೆ ಎಲ್ಲ ಸರಿಯಾಗಿದೆ.

ಕೆರೆಏರಿ:
ಎಂಟ್ರಿ ತಿದ್ದುವಾಗ ಹ್ಯಾಶ್‌ಟೇಬಲ್.ಆ್ಯಡ್ ಬಳಸಿದ್ದೀರಾ? ಅದು ಹಳೆಯದನ್ನು ಅಳಿಸುವುದಿಲ್ಲ, ಮರೆಮಾಡುತ್ತದೆ ಅಷ್ಟೇ. ಫೈಂಡ್‌ಗೆ ಕಾಣುವುದು ಹೊಸದು ಮಾತ್ರ. ಫೋಲ್ಡ್, ಟು_ಸೀಕ್ ಮಾತ್ರ ಅಡಗಿರುವ ಹಳೆಯದನ್ನೂ ಮುಟ್ಟಿ ಬರುತ್ತವೆ. ರಿಪ್ಲೇಸ್ ಬಳಸಿ ನೋಡಿ.

ಹಾಲುಲೆಕ್ಕ:
ಹೌದು, ಅದೇ. ಮಂಗಳವಾರ ಸಂಜೆ ಇಬ್ಬರ ಎಂಟ್ರಿ ತಿದ್ದಿದ್ದೆ, ಒಂದು 8 ಲೀಟರ್, ಒಂದು 6. ರಿಪ್ಲೇಸ್ ಹಾಕಿದೆ, ಪುಸ್ತಕಕ್ಕೆ ತಾಳೆಯಾಯಿತು. ಅಪ್ಪ ಈಗ ಕನ್ನಡಕ ಹಾಕಿಕೊಂಡು ಕಳೆದ ತಿಂಗಳದ್ದನ್ನೂ ಹಾಕಮ್ಮಾ ಅನ್ನುತ್ತಾ ಪಕ್ಕದಲ್ಲೇ ಕೂತಿದ್ದಾರೆ.