ಗೆಳೆಯನಿಗೆ ಅರವತ್ತು ಸಾವಿರದೊಳಗೆ ಗೇಮಿಂಗ್ ಪಿಸಿ: ಏನು ಹಾಕಿಸೋದು, ಏನು ಬಿಡೋದು?

ಹಾಸನದಿಂದ ಪ್ರಶ್ನೆ:
ನನ್ನ ಗೆಳೆಯ ಗೇಮಿಂಗ್ ಪಿಸಿ ಕಟ್ಟಿಸಬೇಕು ಅಂತಿದ್ದಾನೆ, ಪಾರ್ಟ್ಸ್ ಆರಿಸೋ ಹೊಣೆ ನನ್ನ ಮೇಲೆ ಬಿದ್ದಿದೆ. ಮಾನಿಟರ್ ಬಿಟ್ಟು 60,000 ರೂಪಾಯಿ ಬಜೆಟ್. ಸದ್ಯ ಆಡೋದು ವ್ಯಾಲರಂಟ್, ಜಿಟಿಎ 5. ಈ ನಡುವೆ "ಐ5, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಸೇರಿ 20 ಸಾವಿರ" ಅನ್ನೋ ಜಾಹೀರಾತು ನೋಡಿ ಅವನ ಮನಸ್ಸು ಆ ಕಡೆ ವಾಲಿದೆ. ಕಟ್ಟಿಸಿದ ಅನುಭವ ಇರೋರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:
ಮೊದಲು ಆ 20 ಸಾವಿರದ ಪಿಸಿ ತಲೆಯಿಂದ ತೆಗೆಸಿ. ಐ5 ಅಂದರೆ ಯಾವ ವರ್ಷದ ಐ5 ಅಂತ ಕೇಳಬೇಕು. ಅಂಥ ಜಾಹೀರಾತುಗಳಲ್ಲಿ ಬಹಳ ಸಲ ಇರೋದು 2012ರ ಐ5-3470, ಎಚ್61 ಮದರ್‌ಬೋರ್ಡು, ಜೊತೆಗೆ ಒಂದು ಹಳೇ ಜಿಟಿ 730 ಗ್ರಾಫಿಕ್ಸ್ ಕಾರ್ಡು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಜನರೇಷನ್ನಾದರೂ ಬೇಕು, ಇದು 3ನೇದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0 (ಪಿಸಿಯ ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಶುರುವಾಗೋ ವ್ಯವಸ್ಥೆ) ಆನ್ ಇರಲೇಬೇಕು, ಆ ಹಳೇ ಬೋರ್ಡಲ್ಲಿ ಟಿಪಿಎಂ 2.0 ಎಲ್ಲಿಂದ ಬರಬೇಕು?

ನಾನು ಹೇಳೋದು ರೈಝನ್ 5 5600 ಪ್ರೊಸೆಸರ್, ಬಿ550 ಬೋರ್ಡು, ಗ್ರಾಫಿಕ್ಸ್ ಕಾರ್ಡಿಗೆ ಆರ್‌ಎಕ್ಸ್ 6600. ಆರು ಕೋರ್‌ನ ಪ್ರೊಸೆಸರ್, ಡಬ್ಬಿಯಲ್ಲೇ ಕೂಲರ್ ಬರುತ್ತೆ. ಕಾರ್ಡಿನಲ್ಲಿ 8 ಜಿಬಿ ಇರೋದರಿಂದ 1080ಪಿ ಆಟಕ್ಕೆ ಸಾಕು. ದುಡ್ಡು ಉಳಿಸೋಕೆ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇಳಿಯಬೇಡಿ. ಅದರಲ್ಲಿ ಇರೋದು 4 ಜಿಬಿ, ವಿಡಿಯೊ ಎನ್‌ಕೋಡರ್ ಕೂಡ ಇಲ್ಲ, ಆಟ ರೆಕಾರ್ಡ್ ಮಾಡೋಕೆ ಹೊರಟರೆ ಪ್ರೊಸೆಸರ್ ಮೇಲೇ ಭಾರ.

ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ) ವಿಷಯದಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. ಕ್ಯಾಬಿನೆಟ್ ಜೊತೆ ಪುಕ್ಕಟೆ ಕೊಡೋ "450 ವ್ಯಾಟ್" ಎಸ್‌ಎಂಪಿಎಸ್ಸನ್ನ ಕೈಯಲ್ಲಿ ಹಿಡಿದು ನೋಡಿ, ಖಾಲಿ ಇದೆಯೇನೋ ಅನ್ನೋಷ್ಟು ಹಗುರ. ಪಕ್ಕದ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತೆ, ಅದನ್ನ 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ 192 ವ್ಯಾಟ್. ಪ್ರೊಸೆಸರ್, ಕಾರ್ಡು ಎರಡೂ ಹಂಚಿಕೊಳ್ಳಬೇಕಾದ್ದು ಅಷ್ಟನ್ನೇ! ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಎಳೆಯುತ್ತೆ. ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ಲೂ ಅಂಥವುಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಒಳ್ಳೇ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತೆ ಅನ್ನೋ ಗುರುತು) ಇರೋದನ್ನ ಬೇರೆಯಾಗಿ ಕೊಳ್ಳಿ. ಬಣ್ಣದ ಲೈಟಿನ ಫ್ಯಾನ್ ಬಿಟ್ಟರೆ ಆ ದುಡ್ಡು ಇಲ್ಲಿಗೆ ಆಗುತ್ತೆ.

ರ‍್ಯಾಮ್ ಬೆಲೆ 2025ರ ಕೊನೆಯಿಂದ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನ ಬಾಚಿಕೊಳ್ತಿವೆ. ಹೊಸ ಬಗೆಯ ಡಿಡಿಆರ್5 ಮೆಮೊರಿ ಬೋರ್ಡಿನ ಕಡೆ ಹೋಗದೆ ಹಳೇ ಬಗೆಯ ಈ ಡಿಡಿಆರ್4 ಬೋರ್ಡು ಹೇಳಿದ್ದಕ್ಕೆ ಅದೂ ಒಂದು ಕಾರಣ. ಪರಿಚಯದವರ ಹತ್ತಿರ 3200 ವೇಗದ 8 ಜಿಬಿ ಡಿಡಿಆರ್4 ಸ್ಟಿಕ್ ಎರಡು ಸಿಕ್ಕರೆ ಧಾರಾಳವಾಗಿ ತಗೊಳ್ಳಿ. ಎರಡು ಸ್ಟಿಕ್ ಇದ್ದರೇ ಡ್ಯುಯಲ್ ಚಾನೆಲ್, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡಿ ವೇಗ ಹೆಚ್ಚುತ್ತೆ. ಹಾಕಿದ ಮೇಲೆ ಬೋರ್ಡಿನ ಸೆಟ್ಟಿಂಗ್ ಪರದೆ, ಅಂದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ ಕಡಿಮೆ ವೇಗದಲ್ಲೇ ಓಡ್ತಿರುತ್ತೆ.

ಎಸ್.ಪಿ. ರಸ್ತೆಗೆ ಬರೋದಾದರೆ ಎರಡು ಮೂರು ಅಂಗಡಿಯಲ್ಲಿ ಕೊಟೇಷನ್ ಬರೆಸಿಕೊಳ್ಳಿ. ಜಿಎಸ್‌ಟಿ ಬಿಲ್ ನಿಮ್ಮ ಗೆಳೆಯನ ಹೆಸರಲ್ಲೇ ಇರಲಿ, ಸೀರಿಯಲ್ ನಂಬರ್ ಸಮೇತ.

ಮೈಸೂರಿನಿಂದ:
ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಅಗ್ಗಕ್ಕೆ ಸಿಗ್ತಿದೆ ಅಂತ ಯಾರಾದರೂ ಹೇಳಿದರೆ "2048 ಎಸ್‌ಪಿ"ನಾ ಅಂತ ವಿಚಾರಿಸಿ. ಹೆಸರು 580 ಆದರೂ ಅದು 570ರ ಮಟ್ಟದ್ದು. ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ತೆರೆದರೆ ಶೇಡರ್ (ಕಾರ್ಡಿನೊಳಗೆ ಚಿತ್ರ ಮೂಡಿಸೋ ಸಣ್ಣ ಘಟಕಗಳು) ಲೆಕ್ಕ ಕಾಣುತ್ತೆ, ನಿಜವಾದ 580ರಲ್ಲಿ 2304 ಇರಬೇಕು.

ದಾವಣಗೆರೆಯಿಂದ:
ಪಾರ್ಟ್ಸ್ ಬಗ್ಗೆ ಮೇಲಿನವರು ಹೇಳಿದ್ದು ಸರಿ ಐತಿ. ಮನೀ ಕರೆಂಟಿನ ಬಗ್ಗೆನೂ ಒಂಚೂರು ನೋಡ್ರಿ. ನಮ್ಮ ತಮ್ಮಗ ಪಿಸಿ ಕೂಡಿಸಿದಾಗ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ಹಿಂದಿನ ಸ್ಕ್ರೂ ಮುಟ್ಟಿದರ ಬೆರಳು ಜುಮ್ ಅಂತಿತ್ತು. ಪಿಸಿಯೊಳಗ ಏನೂ ದೋಷ ಇರಲಿಲ್ಲ. ಗೋಡೆಯ ಸಾಕೆಟ್‌ನ ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ವೈರೇ ಎಳೆದಿರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ವೈರ್ ಎಳೆಸಿದ ಮೇಲೆ ಜುಮ್ ಅನ್ನೋದು ನಿಂತ್ತು. 60 ಸಾವಿರದ ಸಾಮಾನು ಇಡೋ ಮುಂಚೆ ಇದನ್ನ ನೋಡಿಸ್ಲೇಬೇಕು.

ಯುಪಿಎಸ್ಸೂ ಬೇಕು. ಮಾಮೂಲಿ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್ ಆಸುಪಾಸು, ಆಟದ ನಡುವೆ ಕರೆಂಟ್ ಹೋದರ ಸೇವ್ ಮಾಡಿ ಆಫ್ ಮಾಡೋ ಅಷ್ಟು ಹೊತ್ತು ಸಿಗುತ್ತ. ಕೈಗೆಟುಕಿದರ 1000 ವಿಎ ತಗೊಳ್ರಿ. ಮತ್ತ ಮುಂದಿನ ಭಾಗ ಪೂರಾ ಗಾಜಿರೋ ಕ್ಯಾಬಿನೆಟ್ ಬೇಡ, ಜಾಲರಿ ಇರಲಿ. ನಮ್ಮ ಕಡೆ ಬಿಸಿಲಿಗೆ ಗಾಳಿ ಆಡಬೇಕು.

ಹಾಸನದಿಂದ:
ಎಲ್ಲರಿಗೂ ತುಂಬಾ ಧನ್ಯವಾದ. ಅವನು ಈಗ, ಸದ್ಯಕ್ಕೆ 40 ಸಾವಿರ ಹೊಂದಿಸಿ, ಕಾರ್ಡ್ ಆಮೇಲೆ ಹಾಕಿಸಬಹುದಾ ಅಂತ ಕೇಳ್ತಿದ್ದಾನೆ.

ಬೆಂಗಳೂರಿನಿಂದ:
ಹಾಕಿಸಬಹುದು, ಆದರೆ ಪ್ರೊಸೆಸರ್ ಬದಲಾಗಬೇಕು. 5600ರಲ್ಲಿ ಒಳಗಡೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆ ಮೇಲೆ ಏನೂ ಮೂಡಲ್ಲ. ಒಳಗೇ ಗ್ರಾಫಿಕ್ಸ್ ಇರೋ 5600ಜಿ ಹಾಕಿಸಿ, ಅದರಲ್ಲಿ ವ್ಯಾಲರಂಟ್ ಆರಾಮಾಗಿ ಆಡಬಹುದು, ಜಿಟಿಎ 5 ಸೆಟ್ಟಿಂಗ್ ಇಳಿಸಿಕೊಂಡು. ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರದ್ದು 32. ಹಾಗಾಗಿ ಮುಂದೆ ಕಾರ್ಡ್ ಹಾಕಿದಾಗ ಸ್ವಲ್ಪ ಹಿಂದೆ ಬೀಳುತ್ತೆ. ಮೂರ್ನಾಲ್ಕು ತಿಂಗಳಲ್ಲಿ ದುಡ್ಡು ಕೂಡುತ್ತೆ ಅನ್ನೋದಾದರೆ ಕಾಯೋದೇ ಒಳ್ಳೇದು, ವರ್ಷ ಹಿಡಿಯುತ್ತೆ ಅಂದರೆ 5600ಜಿ ತಗೊಂಡು ಈಗಲೇ ಆಡಲಿ.