ಮೆರವಣಿಗೆಯ ಟೀ ಶರ್ಟು: ಅಚ್ಚು, ಅಕ್ಷರ, ವೀಸಾ

ಪ್ರಶ್ನೆ: ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ವಲಸಿಗರ ಮೇಲಿನ ಸರ್ಕಾರಿ ದಾಳಿಗಳ ವಿರುದ್ಧದ ಮೆರವಣಿಗೆಗೆ 40 ಕಪ್ಪು ಟೀ ಶರ್ಟು ಬೇಕು. ಎದೆಗೆ ಇಂಗ್ಲಿಷಿನಲ್ಲಿ ‘ಅಬಾಲಿಷ್ ಐಸ್’ (ಐಸ್ ಅಂದರೆ ಅಮೆರಿಕದ ವಲಸೆ ಜಾರಿ ಸಂಸ್ಥೆ, ಅದನ್ನು ರದ್ದು ಮಾಡಿ ಅಂತ), ಬೆನ್ನಿಗೆ ಕನ್ನಡದಲ್ಲಿ ‘ಯಾವ ಮನುಷ್ಯನೂ ಅಕ್ರಮವಲ್ಲ’. ಅಚ್ಚಿನ ಅಂಗಡಿಯವರಿಗೆ ಏನೇನು ಹೇಳಬೇಕು? ನಮ್ಮಲ್ಲಿ ಅರ್ಧ ಜನ ಎಚ್-1ಬಿ ಉದ್ಯೋಗ ವೀಸಾ ಮೇಲಿದ್ದಾರೆ, ಹಾಕಿಕೊಂಡರೆ ತೊಂದರೆಯಾ?

ಉತ್ತರ (ಸ್ಕ್ರೀನ್ ಪ್ರಿಂಟಿಂಗ್): ಮೊದಲು ಅಳತೆ. ಅಕ್ಷರದ ಎತ್ತರ 1 ಇಂಚು ಇದ್ದರೆ 10 ಅಡಿ ದೂರಕ್ಕೆ ಸಲೀಸಾಗಿ ಓದಬಹುದು. ರಸ್ತೆಯಾಚೆ ನಿಂತವರಿಗೆ ಕಾಣಬೇಕಾದರೆ 2.5ರಿಂದ 3 ಇಂಚು ಬೇಕು. ಅಚ್ಚಿನ ಅಗಲ ಸಾಮಾನ್ಯವಾಗಿ 12 ಇಂಚು. ಈ ಲೆಕ್ಕದಲ್ಲಿ ನಿಮ್ಮ ಬೆನ್ನಿನ ಸಾಲನ್ನು ಮೂರು ಸಾಲಾಗಿ ಒಡೆಯಬೇಕಾಗುತ್ತೆ. ಮೇಲಾಗಿ ಷ್ಯ, ಕ್ರ, ಲ್ಲ ಮೂರೂ ಒತ್ತಕ್ಷರ, ಎರಡು ಸಾಲಿನ ನಡುವೆ ಜಾಗ ಸಾಲದೆ ಕೆಳಗಿನ ಅಕ್ಷರಕ್ಕೆ ತಾಗುತ್ತವೆ. ‘ಐಸ್ ಕರಗಲಿ’ ಅಂತ ಹಾಕಿ ನೋಡಿ. ಒತ್ತಕ್ಷರವಿಲ್ಲ, ಎರಡೇ ಪದ, ಕನ್ನಡ ಬಂದವರಿಗೆ ನಗುವೂ ಬರುತ್ತೆ.

ಹೆಚ್ಚಿನವರು ಕೆಡಿಸಿಕೊಳ್ಳೋದು ಫೈಲಿನಲ್ಲೇ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ ಅಂಗಡಿಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತೆ. ಯೂನಿಕೋಡಿನಲ್ಲಿದ್ದರೂ ಇಲಸ್ಟ್ರೇಟರ್ ಅನ್ನೋ ವಿನ್ಯಾಸ ತಂತ್ರಾಂಶದಲ್ಲಿ ದಕ್ಷಿಣ ಏಷ್ಯದ ಲಿಪಿಗಳ ಕಂಪೋಸರ್ ಆಯ್ಕೆ ಮಾಡಿರದಿದ್ದರೆ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತೆ. ಇಂಕ್‌ಸ್ಕೇಪ್‌ನಲ್ಲಿ ಈ ಕಾಟವಿಲ್ಲ. ನೀವೇ ಟೈಪ್ ಮಾಡಿ, ಓದಿ ನೋಡಿ, ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿ, ಪಿಡಿಎಫ್ ಕಳಿಸಿ. ಅಂಗಡಿಯಲ್ಲಿ ಕನ್ನಡ ಓದೋರು ಯಾರೂ ಇರೋಲ್ಲ ಅಂದುಕೊಂಡೇ ಕೆಲಸ ಮಾಡಿ. ತುಂಬ ದಪ್ಪ ಫಾಂಟ್ ಬೇಡ, ಅಕ್ಷರದೊಳಗಿನ ಖಾಲಿ ಜಾಗ ಕನಿಷ್ಠ 1 ಮಿ.ಮೀ. ಇರದಿದ್ದರೆ ಇಂಕು ಹರಡಿ ಮುಚ್ಚಿಹೋಗುತ್ತೆ.

ಬಟ್ಟೆ ನೂರಕ್ಕೆ ನೂರು ಹತ್ತಿಯದಿರಲಿ. ಪಾಲಿಯೆಸ್ಟರ್ ಬೆರೆತರೆ ಬಟ್ಟೆಯ ಬಣ್ಣ ಬಿಸಿಗೆ ಮೇಲೆದ್ದು ಬಿಳಿ ಇಂಕು ಮಾಸಲಾಗುತ್ತೆ. ಕಪ್ಪಿನ ಮೇಲೆ ಬಿಳಿ ಒಂದೇ ಎಳೆತಕ್ಕೆ ಕೂರೋಲ್ಲ: 156 ಮೆಶ್‌ನಲ್ಲಿ (ಇಂಚಿಗೆ 156 ಎಳೆಯ ಜಾಲರಿ) ಒಂದು ಪದರ, ಕೈಗೆ ಅಂಟದಷ್ಟು ಫ್ಲ್ಯಾಶ್ (ಬಿಸಿ ಕೊಟ್ಟು ಅರ್ಧ ಒಣಗಿಸೋದು), ಮತ್ತೊಂದು ಪದರ. ಫ್ಲ್ಯಾಶ್ ಅತಿಯಾದರೆ ಎರಡನೆಯ ಪದರ ಕಚ್ಚಿಕೊಳ್ಳದೆ ಸಿಪ್ಪೆಯಂತೆ ಎದ್ದುಬರುತ್ತೆ. ಪ್ಲಾಸ್ಟಿಸಾಲ್ (ಬಿಸಿಗೆ ಗಟ್ಟಿಯಾಗುವ ಪ್ಲಾಸ್ಟಿಕ್) ಇಂಕು ಬುಡದವರೆಗೂ 320 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಗನ್ ಥರ್ಮಾಮೀಟರ್ ತೋರಿಸೋದು ಮೇಲ್ಮೈಯ ಬಿಸಿ ಮಾತ್ರ. ಅಚ್ಚನ್ನು ಹಿಡಿದು ಎಳೆಯಿರಿ, ಬಿರುಕು ಬಿಟ್ಟರೆ ಬೆಂದಿಲ್ಲ. 40ಕ್ಕೆ ಮೂರ್ನಾಲ್ಕು ಹೆಚ್ಚಿಗೆ ತರಿಸಿ.

ಪ್ರಶ್ನೆ: ನಮ್ಮನೇಲಿ ವಿನೈಲ್ ಕಟರ್ರೂ ಹೀಟ್ ಪ್ರೆಸ್ಸೂ ಇದೆ, ಅದರಲ್ಲೇ ಮಾಡಬಹುದಾ ಸರ್?

ಉತ್ತರ (ಸ್ಕ್ರೀನ್ ಪ್ರಿಂಟಿಂಗ್): ಐದಾರು ಆದರೆ ಸರಿ, 305 ಡಿಗ್ರಿ ಫ್ಯಾರನ್‌ಹೀಟ್, 10ರಿಂದ 15 ಸೆಕೆಂಡ್. ನಲವತ್ತಕ್ಕೆ ಬೇಡ. ಕನ್ನಡದ ಸೊನ್ನೆ ಸುಳಿಗಳೊಳಗಿನ ವಿನೈಲನ್ನು ಒಂದೊಂದಾಗಿ ಕಿತ್ತು ತೆಗೆಯೋದರಲ್ಲೇ ರಾತ್ರಿ ಕಳೆಯುತ್ತೆ.

ಪ್ರಶ್ನೆ: ಬೆನ್ನಿಗೆ ಏಜೆಂಟರ ಜಾಕೆಟ್ಟಿನ ಹಾಗೇ ದೊಡ್ಡದಾಗಿ ‘ಪೊಲೀಸ್ ಐಸ್’ ಅಂತ ಬರೆದು, ಮೇಲೊಂದು ಕೆಂಪು ಗೀಟು ಎಳೆದರೆ?

ಉತ್ತರ (ಇಮಿಗ್ರೇಷನ್ ವಕೀಲರು): ಖಂಡಿತ ಬೇಡ. ಕಪ್ಪು ಬಟ್ಟೆಯ ಮೇಲಿನ ಕೆಂಪು ಗೀಟು ಸಂಜೆ ಬೆಳಕಿನಲ್ಲಿ ಮೊದಲು ಮಾಯವಾಗುತ್ತೆ, ಉಳಿಯೋದು ಯೂನಿಫಾರ್ಮು. ನೀವು ಯಾರ ಪರ ನಿಂತಿದ್ದೀರೋ ಅವರೇ ನಿಮ್ಮನ್ನು ಕಂಡು ಬಾಗಿಲು ಹಾಕಿಕೊಳ್ಳುತ್ತಾರೆ. ಫೆಡರಲ್ ಅಧಿಕಾರಿಯ ಸೋಗು ಹಾಕಿ ವರ್ತಿಸೋದು ಅಪರಾಧ, ಬ್ಯಾಡ್ಜ್, ಲಾಂಛನದ ನಕಲಿಗೆ ಬೇರೆ ಕಾನೂನಿದೆ. ಅಣಕಕ್ಕೆ ಅವಕಾಶ ಇಲ್ಲವೆಂದಲ್ಲ. ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಮತ್ತು ಹೋಮ್‌ಲ್ಯಾಂಡ್ ಸೆಕ್ಯುರಿಟಿಯ ಮುದ್ರೆಗಳನ್ನು ಗೇಲಿ ಮಾಡಿದ ಟೀ ಶರ್ಟಿನ ಮೊಕದ್ದಮೆ 2014ರಲ್ಲಿ ರಾಜಿಯಾದದ್ದು ಗೇಲಿ ಮಾಡಿದವರ ಪರವಾಗಿಯೇ. ಆದರೆ ಗೇಲಿ ಅಂತ ದೂರದಿಂದಲೇ ಗೊತ್ತಾಗಬೇಕು.

ಇನ್ನು ಹಾಕಿಕೊಳ್ಳುವ ಮಾತು. 1971ರ ಕೋಹೆನ್ ತೀರ್ಪಿನಲ್ಲಿ, ಸೈನ್ಯದ ಕಡ್ಡಾಯ ಭರ್ತಿಯನ್ನು ಬೈದ ಜಾಕೆಟ್ ತೊಟ್ಟು ಲಾಸ್ ಏಂಜಲೀಸ್ ಕೋರ್ಟಿನ ಕಾರಿಡಾರಿನಲ್ಲಿ ನಡೆದವನ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅವನು ಕೋರ್ಟಿನ ಕೋಣೆಯೊಳಗೆ ಹೋಗುವಾಗ ಜಾಕೆಟ್ ಕಳಚಿ ತೋಳಿನ ಮೇಲೆ ಮಡಚಿ ಹಾಕಿಕೊಂಡಿದ್ದ, ಅದನ್ನು ಮರೀಬೇಡಿ. ಇಲ್ಲಿ ವಾಸವಿರುವ ವಿದೇಶೀಯರಿಗೂ ವಾಕ್ ಸ್ವಾತಂತ್ರ್ಯ ಇದೆಯೆಂದು 1945ರ ಬ್ರಿಡ್ಜಸ್ ತೀರ್ಪು ಹೇಳುತ್ತೆ.

ಆದರೆ ವಾಕ್ ಸ್ವಾತಂತ್ರ್ಯ ಕೊಡುವ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕೋದು ಸರ್ಕಾರವನ್ನು, ನಿಮ್ಮ ಕಂಪನಿಯನ್ನಲ್ಲ. ಕ್ಯಾಲಿಫೋರ್ನಿಯದ ಲೇಬರ್ ಕೋಡ್ 1101, 1102 ನೌಕರರ ರಾಜಕೀಯ ಚಟುವಟಿಕೆಗೆ ರಕ್ಷಣೆ ಕೊಡುತ್ತವೆ, ಆದರೂ ಆಫೀಸಿಗೆ ಈ ಶರ್ಟು ಹಾಕಿಕೊಂಡು ಹೋಗಬೇಡಿ. ವೀಸಾ ಸ್ಟ್ಯಾಂಪಿಂಗ್‌ಗೆ ಚೆನ್ನೈಗೆ ಹೋಗುವವರು ಗಮನಿಸಿ: 2025ರ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಅವರ ಕುಟುಂಬದವರ ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳನ್ನೂ ನೋಡುತ್ತಾರೆ. ಹಾಕಿಕೊಳ್ಳೋದು ನಿಮ್ಮ ಹಕ್ಕು. ಬೇರೆಯವರ ಫೋಟೋ ಹಾಕಿ ಟ್ಯಾಗ್ ಮಾಡುವ ಮುಂಚೆ ಅವರನ್ನು ಕೇಳಿ.

ಪ್ರಶ್ನೆ: ಮಿಕ್ಕಿದ್ದನ್ನು ಆನ್‌ಲೈನಿನಲ್ಲಿ ಮಾರಿ ಖರ್ಚು ಎತ್ತಬಹುದಾ?

ಉತ್ತರ (ಇಮಿಗ್ರೇಷನ್ ವಕೀಲರು): ಘೋಷಣೆಗಿಂತ ಹೆಚ್ಚು ಅಪಾಯ ಇರೋದು ಇಲ್ಲೇ, ಆದರೆ ಇದನ್ನು ಹೆಚ್ಚಿನವರು ಕೇಳೋದೇ ಇಲ್ಲ. ಎಚ್-1ಬಿ ಇರುವವರು ತಮ್ಮ ಪರವಾಗಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ದುಡಿಯಬಹುದು. ಅಂಗಡಿ ತೆರೆದು ಮಾರಿದರೆ ಅದು ಅನಧಿಕೃತ ಕೆಲಸವಾಗುತ್ತೆ. ಗುಂಪಿನೊಳಗೆ ಅಸಲು ಖರ್ಚು ಹಂಚಿಕೊಳ್ಳಿ. ಮಾರಾಟ ಬೇಕೇಬೇಕಾದರೆ ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವವರು ಮಾಡಲಿ.

ಪ್ರಶ್ನೆ: ಎದೆಗೂ ಇನ್ನಷ್ಟು ಚಮತ್ಕಾರದ ಸಾಲು ಹಾಕಿದರೆ?

ಉತ್ತರ (ಸ್ಕ್ರೀನ್ ಪ್ರಿಂಟಿಂಗ್): 2018ರ ಜೂನ್‌ನಲ್ಲಿ ಮೆಲಾನಿಯಾ ಟ್ರಂಪ್ ಟೆಕ್ಸಸ್‌ನ ವಲಸೆ ಮಕ್ಕಳ ಆಶ್ರಯ ನೋಡಲು ಹೊರಟಾಗ 39 ಡಾಲರಿನ ಜಾರಾ ಜಾಕೆಟ್ ಹಾಕಿದ್ದರು. ಬೆನ್ನ ಮೇಲೆ ‘ನನಗೇನೂ ಅನ್ನಿಸೋಲ್ಲ, ನಿಮಗೆ?’ ಅನ್ನುವ ಅರ್ಥದ ಇಂಗ್ಲಿಷ್ ಸಾಲು. ಯಾವುದರ ಬಗ್ಗೆ ಅಂತ ಬಟ್ಟೆ ಹೇಳಲಿಲ್ಲ. ಅವರ ಕಚೇರಿ ಅದರಲ್ಲಿ ಗುಪ್ತ ಸಂದೇಶವೇನೂ ಇಲ್ಲವೆಂದಿತು, ಗಂಡ ಅದು ಮಾಧ್ಯಮದವರಿಗೆ ಎಂದರು. ನಿಮ್ಮ ಎದೆಯ ಎರಡು ಪದದಲ್ಲಿ ಯಾರನ್ನು, ಏನು ಮಾಡಬೇಕು ಎರಡೂ ಇದೆ. ಅದನ್ನೇ ಇಟ್ಟುಕೊಳ್ಳಿ.